ಹೊಟ್ಟೆಗೆ ಹಾಕಿಕೊಳ್ಳಿ

ನಮ್ಮ ಕಡೆಯ ಜನ ಬಹಳ ದಿನಕ್ಕೆ ಕಂಡವರ ಮುಖವನ್ನು ಮೊದಲು ನೋಡುವುದಿಲ್ಲ, ಹೊಟ್ಟೆಯನ್ನು ನೋಡುತ್ತಾರೆ. ಅದು ಹೋದ ಸಲಕ್ಕಿಂತ ಒಂದು ಬೆರಳು ಮುಂದೆ ಬಂದಿದ್ದರೆ "ಮೈ ಕೈ ತುಂಬ್ಕೊಂಡೀರಿ ಬಿಡ್ರಿ, ಆರಾಮ ಅದೀರಿ" ಎಂದು ಸಂತೋಷಪಡುತ್ತಾರೆ. ಒಂದು ಬೆರಳು ಹಿಂದೆ ಸರಿದಿದ್ದರೆ "ಯಾಕ್ರಿ, ಬಾಳ ಸೊರಗೀರಿ?" ಎಂದು ದನಿ ಇಳಿಸುತ್ತಾರೆ. ಆ ದನಿಯಲ್ಲಿ ಅರ್ಧ ಕನಿಕರ, ಇನ್ನರ್ಧ ಮನೆಯಲ್ಲಿ ಹೆಂಡತಿ ಸರಿಯಾಗಿ ಬಡಿಸುತ್ತಿಲ್ಲವೇನೋ ಎಂಬ ಗುಮಾನಿ. ಮದುವೆಯಾದ ದಿನದಿಂದ ನನ್ನ ಹೆಂಡತಿ ಕಸ್ತೂರಿಯ ಮೇಲೆ ಅಂಥ ಗುಮಾನಿ ಯಾರಿಗೂ ಬರದ ಹಾಗೆ ನಾನು ನೋಡಿಕೊಂಡಿದ್ದೆ.

ನಾನು ಇಂಡಿ ಎಂಬ ಊರಿನ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಹೊಸದಾಗಿ ಸೇರಿದ ಹುಡುಗರಿಗೆ ಬಿರಾದಾರ ಸರ ಯಾರು ಎಂದು ಬಿಡಿಸಿ ಹೇಳಬೇಕಾಗುತ್ತಿರಲಿಲ್ಲ. "ಬಾಗಲಾ ತುಂಬ ಬರ್ತಾರಲ್ಲ, ಅವರ" ಎಂದರೆ ಮುಗಿಯಿತು. ಸಿಂದಗಿ ಬಸ್ಸಿನ ಮೂವರ ಸೀಟಿನಲ್ಲಿ ನಾನೂ ಇನ್ನೊಬ್ಬರೂ ಕುಳಿತಿದ್ದರೆ, ಮೂರನೆಯವರು ಉಳಿದ ಜಾಗವನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ನಿಂತು ಹೋಗುವುದೇ ಆರೋಗ್ಯಕ್ಕೆ ಒಳ್ಳೆಯದೆಂದು ತೀರ್ಮಾನಿಸುತ್ತಿದ್ದರು. ಆದರೆ ಸುಳ್ಳು ಹೇಳಬಾರದು, ಈ ಗಾತ್ರಕ್ಕೆ ಒಂದು ಮರ್ಯಾದೆಯೂ ಇತ್ತು. ಕನ್ನಡದಲ್ಲಿ ತೂಕದ ಮನುಷ್ಯ ಎಂಬ ಮಾತಿದೆಯಲ್ಲ, ಅದನ್ನು ನಮ್ಮ ಜನ ಅಕ್ಷರಶಃ ತೆಗೆದುಕೊಂಡಿದ್ದಾರೆ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಾಗ, ಗಂಡುಹೆಣ್ಣಿನ ಮಾತುಕತೆ ಮುರಿಯುವ ಹಂತಕ್ಕೆ ಬಂದಾಗ ನನಗೆ ಕರೆ ಬರುತ್ತಿತ್ತು. "ನೀವೇನೂ ಮಾತಾಡೂದು ಬ್ಯಾಡ್ರಿ ಸರ, ಸುಮ್ನ ಬಂದು ನಡುವ ಕೂತ್ರ ಸಾಕು." ನಾನು ಹೋಗಿ ನಡುವೆ ಕೂಡುತ್ತಿದ್ದೆ. ಎರಡು ಕಡೆಯವರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣದೆ ಅರ್ಧ ಜಗಳ ಅಲ್ಲಿಯೇ ಇಳಿಯುತ್ತಿತ್ತು. ಉಳಿದರ್ಧ ಊಟದ ಹೊತ್ತಿಗೆ ಇಳಿಯುತ್ತಿತ್ತು.

ತೂಕ ಇಳಿಸಲು ನಾನು ಪ್ರಯತ್ನವನ್ನೇ ಮಾಡಲಿಲ್ಲ ಎಂದು ಮಾತ್ರ ಯಾರೂ ಅನ್ನಬಾರದು. ಅನ್ನ ಬಿಟ್ಟೆ; ಅದರ ದುಃಖಕ್ಕೆ ರೊಟ್ಟಿ ಹೆಚ್ಚಾದವು. ರೊಟ್ಟಿ ಬಿಟ್ಟೆ, ಆ ಜಾಗಕ್ಕೆ ಚಪಾತಿ ಬಂದು ಕುಳಿತವು. ಬೆಳಗಿನ ವಾಕಿಂಗ್ ಶುರು ಮಾಡಿ, ಗೆಳೆಯರ ಜೊತೆ ಊರ ಹೊರಗಿನ ಲಿಂಬೆ ತೋಟಗಳ ತನಕ ಹೋಗಿ ಬರತೊಡಗಿದೆ. ಬರುವಾಗ ದಾರಿಯಲ್ಲಿ ಮಿರ್ಚಿ ಭಜಿಯ ಎಣ್ಣೆ ಕಾದಿರುತ್ತಿತ್ತು. ಇಷ್ಟು ನಡೆದು ಬಂದವರಿಗೆ ಒಂದು ಪ್ಲೇಟ್ ಭಜಿ ಏನೂ ಮಾಡುವುದಿಲ್ಲ ಎಂಬ ವಿಷಯದಲ್ಲಿ ನಮ್ಮ ವಾಕಿಂಗ್ ಬಳಗದಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ತಿಂಗಳ ಕೊನೆಗೆ ತೂಗಿ ನೋಡಿದರೆ ವಾಕಿಂಗಿನಿಂದಲೇ ತೂಕ ಏರಿತ್ತು.

ಸಕ್ಕರೆ ಕಾಯಿಲೆ ಬಂತು, ಮೊಣಕಾಲು ಮಾತಾಡತೊಡಗಿದವು. ಇವಕ್ಕೆಲ್ಲ ನಾನು ಹೆದರಲಿಲ್ಲ. ನನ್ನನ್ನು ಹೆದರಿಸಿದ್ದು ಗೊರಕೆ. ಗೊರಕೆ ಅಲ್ಲ, ಅದು ನಿಂತುಹೋಗುವುದು. ಒಂದು ದಿನ ಚಹಾ ಕೊಡುತ್ತ ಕಸ್ತೂರಿ ಹೇಳಿದಳು: "ನೀವು ಗೊರಕಿ ಹೊಡದ್ರ ನನಗ ನಿದ್ದಿ ಬರೂದಿಲ್ಲ. ಗೊರಕಿ ನಿಂತ್ರ ಜೀವ ಬಾಯಿಗಿ ಬರ್ತೈತಿ. ಎದ್ದು ನಿಮ್ಮ ಮೂಗಿನ ಮುಂದ ಕೈ ಹಿಡದು ಕೂಡ್ತೇನಿ, ಉಸರು ಬರೂ ತನಕ. ನೀವು ಎಷ್ಟರ ತಿನ್ರಿ, ನಾ ಏನೂ ಅನ್ನೂದಿಲ್ಲ. ಮಗಳ ಮದುವ್ಯಾಗ ಅಕ್ಕಿಕಾಳು ಹಾಕಾಕರ ಇರ್ರಿ."

ಮಗಳು ಎಂದರೆ ನಮಗೆ ಒಬ್ಬಳೇ, ದಾನೇಶ್ವರಿ. ಬಸವನ ಬಾಗೇವಾಡಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಅದೇ ಶಾಲೆಯಲ್ಲಿ ವಿಜ್ಞಾನ ಕಲಿಸುವ ಮುದ್ದೇಬಿಹಾಳದ ಮಲ್ಲಿಕಾರ್ಜುನ ಎಂಬ ಹುಡುಗನನ್ನು ಅವಳು ಮೆಚ್ಚಿದ್ದಳು. ಅವನೂ ಮೆಚ್ಚಿದ್ದ. ಎರಡೂ ಮನೆಯವರಿಗೆ ಸಮ್ಮತವಾಗಿ, ನಿಶ್ಚಯಕ್ಕೆ ಒಂದು ದಿನ ಗೊತ್ತು ಮಾಡುವುದಷ್ಟೇ ಉಳಿದಿತ್ತು. ಅಕ್ಕಿಕಾಳಿನ ಮಾತು ನನ್ನೆದೆಗೆ ನಾಟಿತು. ಮರುವಾರವೇ ಸೊಲ್ಲಾಪುರದ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು.

ಅಲ್ಲಿಯ ಡಾಕ್ಟರು ಒಂದು ಹಾಳೆಯ ಮೇಲೆ ಹೊಟ್ಟೆಯ ಚಿತ್ರ ಬರೆದು, ಅದರ ಮುಕ್ಕಾಲು ಭಾಗಕ್ಕೆ ಗೆರೆ ಎಳೆದು, ಇಷ್ಟನ್ನು ತೆಗೆದುಬಿಡುತ್ತೇವೆ ಎಂದರು. ನಾನು ಹುಡುಗರ ಪ್ರಬಂಧಗಳಲ್ಲಿ ಅನಗತ್ಯ ಪ್ಯಾರಾಗಳಿಗೆ ಗೆರೆ ಎಳೆಯುವುದೂ ಹೀಗೆಯೇ. "ಉಳಿದದ್ದು ಒಂದ ಬಾಳೆಹಣ್ಣಿನಷ್ಟ ಆಗ್ತದ ನೋಡ್ರಿ ಸರ" ಎಂದರು.

"ಯಾವ ಬಾಳೆಹಣ್ಣು ಡಾಕ್ಟರ? ಜವಾರಿ ಸಣ್ಣದೋ, ಆ ಉದ್ದಂದೋ?" ಎಂದು ನಾನು ಕೇಳಿದೆ. ಜೀವಮಾನದ ವ್ಯವಹಾರ, ಕೇಳಿಕೊಂಡಿರುವುದು ಒಳ್ಳೆಯದು.

ಡಾಕ್ಟರು ನಕ್ಕರು. ಕಸ್ತೂರಿ ನಗಲಿಲ್ಲ. "ಸಣ್ಣದ ಇಡ್ರಿ ಡಾಕ್ಟರ. ದೊಡ್ಡದು ಇಟ್ರ ಇವರು ಮತ್ತ ಬೆಳಸ್ತಾರ" ಎಂದಳು.

ಆಪರೇಷನ್ನಿಗೆ ಹೋಗುವಾಗ ಝಳಕಿಯಲ್ಲಿ ಕಾರು ನಿಂತಿತು. ಡ್ರೈವರನಿಗೆ ಚಹಾ ಬೇಕಿತ್ತು. ಹೆದ್ದಾರಿಯ ಅಂಗಡಿಯಲ್ಲಿ ಆಗಷ್ಟೇ ಭಜಿ ಎತ್ತಿ ಬುಟ್ಟಿಗೆ ಸುರಿಯುತ್ತಿದ್ದರು. ಹೊಟ್ಟೆ ಖಾಲಿ ಇಟ್ಟುಕೊಂಡು ಬರಬೇಕೆಂದು ಡಾಕ್ಟರ ಕಟ್ಟಪ್ಪಣೆಯಿತ್ತು. ನಾನು ಕಾರಿನ ಗಾಜು ಇಳಿಸಿ ವಾಸನೆಯನ್ನು ಮಾತ್ರ ತೆಗೆದುಕೊಂಡೆ. ಕಸ್ತೂರಿ ಅದನ್ನೂ ನೋಡಿ ಗಾಜು ಏರಿಸಿದಳು. ಅಷ್ಟು ವರ್ಷ ಒಟ್ಟಿಗೆ ಬಾಳಿದ ಹೊಟ್ಟೆಗೆ ಒಂದು ಬೀಳ್ಕೊಡುಗೆ ಸಮಾರಂಭವೂ ಆಗಲಿಲ್ಲ. ನಮ್ಮ ಕಾಲೇಜಿನಲ್ಲಿ ಯಾರು ವರ್ಗವಾಗಿ ಹೋದರೂ ಶಾಲು ಹೊದಿಸಿ ಕಳಿಸುತ್ತೇವೆ.

ಆಸ್ಪತ್ರೆಯ ಮಂಚದ ಮೇಲೆ ಮಲಗಿ ಕಾಯುವಾಗ ನನ್ನೊಳಗಿನ ಕನ್ನಡ ಪಂಡಿತ ಎದ್ದು ಕುಳಿತ. ಕನ್ನಡಿಗನ ಹೊಟ್ಟೆಯೆಂದರೆ ಅನ್ನ ಹಾಕುವ ಚೀಲ ಮಾತ್ರವೇ? ಪಕ್ಕದವನ ಏಳಿಗೆ ಕಂಡಾಗ ನಮಗೆ ಎದೆಯಲ್ಲಿ ಏನೂ ಆಗುವುದಿಲ್ಲ, ಹೊಟ್ಟೆಯಲ್ಲಿ ಕಿಚ್ಚು ಏಳುತ್ತದೆ. ಸಂಕಟವಾದರೆ ಹೊಟ್ಟೆ ಉರಿಯುತ್ತದೆ. ಆಶೀರ್ವಾದ ಮಾಡುವ ಮುದುಕಿ ನಿನ್ನ ಹೊಟ್ಟೆ ತಣ್ಣಗಿರಲಿ ಎನ್ನುತ್ತಾಳೆ. ನೌಕರಿ ಮಾಡುವುದು ಹೊಟ್ಟೆಪಾಡಿಗೆ, ನಗುವುದು ಹೊಟ್ಟೆ ತುಂಬ. ಎಲ್ಲಕ್ಕಿಂತ ದೊಡ್ಡದು, ಕ್ಷಮೆ ಇರುವುದೂ ಅಲ್ಲಿಯೇ. ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ ಎನ್ನುತ್ತೇವೆ. ಮದುವೆಯಲ್ಲಿ ಹೆಣ್ಣು ಒಪ್ಪಿಸಿಕೊಡುವಾಗ ಹೆತ್ತವರು ಕೈ ಮುಗಿದು ಹೇಳುವುದೂ ಅದೇ ಮಾತು. ಇಷ್ಟೆಲ್ಲ ಸಾಮಾನು ತುಂಬಿರುವ ಉಗ್ರಾಣದ ಮುಕ್ಕಾಲು ಭಾಗವನ್ನು ತೆಗೆದರೆ ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ? ಕಿಚ್ಚು ಹೋಗಿ ಕ್ಷಮೆ ಉಳಿದರೆ ಸರಿ. ತಿರುಗುಮುರುಗಾದರೆ? ಡಾಕ್ಟರನ್ನು ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮೂಗಿಗೆ ಏನೋ ಹಿಡಿದರು.

ಎಚ್ಚರವಾದ ಮೇಲಿನ ದಿನಗಳ ವರ್ಣನೆ ಬೇಡ. ನೀರನ್ನು ಚಮಚದಲ್ಲಿ ಕುಡಿದೆ. ಬೇಳೆಯ ಕಟ್ಟನ್ನು ಸೋಸಿ ಕುಡಿದೆ. ಆಹಾರ ಹೇಳುವ ಹೆಣ್ಣುಮಗಳು ಬಂದು, ಇನ್ನು ಮೇಲೆ ಒಂದೊಂದು ತುತ್ತನ್ನೂ ಅರೆದು ನುಣ್ಣಗೆ ಮಾಡಿ ನುಂಗಬೇಕು, ಸಿಹಿ ಮತ್ತು ತುಪ್ಪ ಒಟ್ಟಿಗೆ ಹೋದರೆ ಮೈ ಬೆವತು ಕಣ್ಣು ಕತ್ತಲೆ ಬರುತ್ತದೆ, ಒತ್ತಾಯಕ್ಕೆ ತಿಂದರೆ ಬಂದ ದಾರಿಯಲ್ಲೇ ವಾಪಸ್ ಬರುತ್ತದೆ ಎಂದು ತಿಳಿಸಿದಳು. ಒತ್ತಾಯಕ್ಕೆ ತಿನ್ನುವುದು ಎಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲ. ಅವಳು ನಮ್ಮ ಕಡೆ ಬೀಗರ ಊಟಕ್ಕೆ ಬಂದವಳಲ್ಲ.

ಊರಿಗೆ ಬರುವ ಮೊದಲೇ ನಾನು ಕಸ್ತೂರಿಗೂ ಮಗಳಿಗೂ ಬಾಯಿಗೆ ಬೀಗ ಹಾಕಿಸಿದ್ದೆ. ಎನ್ನೆಸ್ಸೆಸ್ ಶಿಬಿರಗಳಲ್ಲಿ ಮಿತಾಹಾರದ ಮೇಲೆ ಗಂಟೆಗಟ್ಟಲೆ ಭಾಷಣ ಮಾಡಿದವನು ನಾನು. ತಿನ್ನುವ ಚಟ ಬಿಡಲಾಗದೆ ಹೊಟ್ಟೆ ಕೊಯ್ಸಿಕೊಂಡ ಎಂದು ಜನ ಆಡಿಕೊಂಡರೆ ಮುಖ ಎಲ್ಲಿಡಲಿ? ಮೇಲಾಗಿ ಹೊಟ್ಟೆಬಾಕನ ಮಗಳು ಎಂದು ಮುದ್ದೇಬಿಹಾಳದಲ್ಲಿ ಅನ್ನಿಸಿಕೊಳ್ಳುವುದೆಂದರೇನು? ಯಾರು ಕೇಳಿದರೂ "ಒಂದು ಸಣ್ಣ ಆಪರೇಷನ್ ಆಗಿದೆ" ಎಂದಷ್ಟೇ ಹೇಳಬೇಕೆಂದು ಗೊತ್ತುಮಾಡಿದೆ.

ಮೊದಲು ಬಂದವಳು ನಮ್ಮ ಓಣಿಯ ಆಶಾ ಕಾರ್ಯಕರ್ತೆ ರೇಣುಕಾ. ಮನೆಮನೆಗೆ ತಿರುಗಿ ಬಾಣಂತಿಯರನ್ನೂ ಕೂಸುಗಳನ್ನೂ ವಿಚಾರಿಸುವವಳು, ಅಂದು ನನ್ನನ್ನು ವಿಚಾರಿಸಿದಳು. "ಆಪರೇಷನ್ ಮಾಡಿಸ್ಕೊಂಡ್ರಂತಲ್ರಿ ಸರ? ಬಾಳ ಚೊಲೊ ಆತು. ಗಂಡಸರು ಯಾರೂ ಮುಂದ ಬರೂದಿಲ್ರಿ, ಎಲ್ಲಾ ಹೆಂಗಸರ ಮ್ಯಾಲ ಹಾಕಿಬಿಡ್ತಾರ. ಈ ವಯಸ್ಸಿನ್ಯಾಗ ನೀವು ಮುಂದ ಬಂದ್ರಿ ನೋಡ್ರಿ!"

ಗುಟ್ಟು ಇವಳಿಗೆ ಹೇಗೋ ಗೊತ್ತಾಗಿದೆ, ಗೊತ್ತಾದರೂ ಎಷ್ಟು ಗೌರವದಿಂದ ಮಾತಾಡುತ್ತಿದ್ದಾಳೆ ಎಂದು ನಾನು ಕರಗಿಹೋದೆ. "ಎಲ್ಲರೂ ಮುಂದೆ ಬರಬೇಕಮ್ಮ. ನಾಚಿಕೆ ಯಾಕೆ?" ಎಂದೆ.

"ಮನಿಯಾಗ ಅಕ್ಕಾರು ಒಪ್ಪಿದ್ರೇನ್ರಿ?"

"ಅವಳ ಒತ್ತಾಯಕ್ಕೇ ಮಾಡಿಸಿಕೊಂಡದ್ದು. ನನ್ನ ಕಾಟ ತಡೆಯಲಾರದೆ ಅತ್ತಳು, ಪಾಪ."

ರೇಣುಕಾ ಸೆರಗು ಬಾಯಿಗಿಟ್ಟುಕೊಂಡು ಎದ್ದುಹೋದಳು. ಒಳಗಿನಿಂದ ಕಸ್ತೂರಿ ಬಂದ ರೀತಿ ನೋಡಿದರೆ ಕೈಯಲ್ಲಿ ಸೌಟು ಇದ್ದದ್ದು ಕಾಕತಾಳೀಯ ಎನಿಸಲಿಲ್ಲ. "ನಮ್ಮ ಕಡೆ ಬರೇ ಆಪರೇಷನ್ ಅಂದ್ರ ಜನ ಏನ ತಿಳಕೋತಾರ ಗೊತ್ತೈತಿ ಇಲ್ಲ ನಿಮಗ? ಮಕ್ಕಳ ಆಗಲಾರದ ಆಪರೇಷನ್ ರೀ! ಕನ್ನಡ ಕಲಸ್ತೀರಿ, ಭಾಳ ದೊಡ್ಡ ಕನ್ನಡ!" ಎಂದಳು. ನಿವೃತ್ತಿಗೆ ಕೈಯಳತೆಯಲ್ಲಿರುವ ಗಂಡಸಿನ ಕುಟುಂಬ ಯೋಜನೆ ಓಣಿಯಲ್ಲಿ ಎರಡು ದಿನ ಓಡಾಡಿತು. ನಾನು ಅದನ್ನು ಅಲ್ಲಗಳೆಯಲಿಲ್ಲ. ನಿಜ ಹೇಳುವುದಕ್ಕಿಂತ ಅದೇ ವಾಸಿ ಅನ್ನಿಸಿತು.

ಆದರೆ ತಿಂಗಳುಗಳು ಕಳೆದ ಹಾಗೆ ನಾನು ಕರಗತೊಡಗಿದೆ. ಕುಟುಂಬ ಯೋಜನೆಗೆ ಯಾರೂ ಹೀಗೆ ಕರಗುವುದಿಲ್ಲ. ಪ್ಯಾಂಟನ್ನು ಬೆಲ್ಟು ಹಿಡಿದಿರಲಿಲ್ಲ, ನಾನೇ ಕೈಯಲ್ಲಿ ಹಿಡಿದು ನಡೆಯುತ್ತಿದ್ದೆ. ಕೆನ್ನೆ ಜೋತುಬಿತ್ತು. ಸಕ್ಕರೆ ಇಳಿಯಿತು, ಮೊಣಕಾಲು ಮೌನ ತಾಳಿದವು, ಕಸ್ತೂರಿ ನೆಟ್ಟಗೆ ನಿದ್ದೆ ಮಾಡತೊಡಗಿದಳು. ನಾನು ಆರೋಗ್ಯವಂತನಾದಷ್ಟೂ ಜನ ನನ್ನನ್ನು ರೋಗಿಯಾಗಿ ನೋಡತೊಡಗಿದರು. ನೋಡಲು ಬರುವವರು ಎಳನೀರು, ಸೇಬು ಹಿಡಿದು ಬಂದರು. ಲಚ್ಯಾಣದಿಂದ ಒಬ್ಬರು ಮಠದ ವಿಭೂತಿ ತಂದು ನನ್ನ ಹಣೆಗೆ ತಾವೇ ಹಚ್ಚಿ, ಕಣ್ಣೊರೆಸಿಕೊಂಡು ಹೋದರು. ಸ್ಟಾಫ್ ರೂಮಿನಲ್ಲಿ ಅದುವರೆಗೆ ನನ್ನ ಪಾಠವನ್ನು ಗೊರಕೆಗೆ ಹೋಲಿಸುತ್ತಿದ್ದ ಸಹೋದ್ಯೋಗಿಯೊಬ್ಬ, "ನಿಮ್ಮಂಥ ವಿದ್ವಾಂಸರು ಮತ್ತ ಹುಟ್ಟಿ ಬರೂದಿಲ್ರಿ ಸರ" ಎಂದ. ಹುಟ್ಟಿ ಬರಬೇಕಾದರೆ ಮೊದಲು ಏನಾಗಬೇಕು ಎಂದು ಯೋಚಿಸಿ ನನಗೆ ಚಹಾ ಸೇರಲಿಲ್ಲ. ಮುಂದೆ ವಿಭಾಗದ ಮುಖ್ಯಸ್ಥನಾಗಬೇಕಾದವನು ನನ್ನ ಕುರ್ಚಿಯ ಅಗಲವನ್ನು ದಿಟ್ಟಿಸಿ ನೋಡಿದ. ಬದುಕಿರುವಾಗಲೇ ತನ್ನ ಶ್ರದ್ಧಾಂಜಲಿ ಸಭೆಯಲ್ಲಿ ಕೂಡುವ ಭಾಗ್ಯ ಎಲ್ಲರಿಗೂ ಬರುವುದಿಲ್ಲ. ತೂಕದ ಮನುಷ್ಯ ಎಂದು ಕರೆ ಬರುವುದೂ ನಿಂತಿತು. ಯಾರದೋ ಹೊಲದ ಜಗಳಕ್ಕೆ ನಾನಾಗಿಯೇ ಹೋಗಿ ನಡುವೆ ಕುಳಿತರೆ, ಆ ಕಡೆಯವನು ನನ್ನ ಭುಜದ ಮೇಲಿಂದಲೇ ಈ ಕಡೆಯವನಿಗೆ ಬೈದ.

ಸುದ್ದಿಗೆ ನಮ್ಮಲ್ಲಿ ಬಸ್ಸಿನ ಅನುಕೂಲ ಚೆನ್ನಾಗಿದೆ. ಇಂಡಿಯ ಬಸ್ ಸ್ಟ್ಯಾಂಡಿನಲ್ಲಿ ಹತ್ತುವಾಗ ಅದು "ಬಿರಾದಾರ ಸರ ಬಾಳ ಸೊರಗ್ಯಾರ" ಎಂಬಷ್ಟೇ ಇತ್ತು. ಸಿಂದಗಿಯಲ್ಲಿ ಚಹಾ ಕುಡಿದು ಎದ್ದಾಗ "ಏನೋ ಬ್ಯಾನಿ ಐತಂತ" ಆಗಿತ್ತು. ದೇವರ ಹಿಪ್ಪರಗಿಯಲ್ಲಿ ಸಂತೆಯ ದಿನ ಇಳಿದು, ದೊಡ್ಡ ಬ್ಯಾನಿಯಾಗಿ ಮತ್ತೆ ಬಸ್ಸು ಹತ್ತಿತು. ದೊಡ್ಡ ಬ್ಯಾನಿ ಎಂದರೆ ಯಾವುದೆಂದು ನಮ್ಮ ಜನ ಹೆಸರಿಟ್ಟು ಹೇಳುವುದಿಲ್ಲ, ಹೇಳಿದರೆ ತಮಗೂ ಬರುತ್ತದೆಂಬ ಭಯ. ಬಸವನ ಬಾಗೇವಾಡಿಯಲ್ಲಿ ಡಾಕ್ಟರು ಕೈಚೆಲ್ಲಿದರು. ನಾನು ಕರಗಿದಷ್ಟೂ ಸುದ್ದಿ ದಪ್ಪವಾಗುತ್ತ, ಮುದ್ದೇಬಿಹಾಳಕ್ಕೆ ಮುಟ್ಟುವ ಹೊತ್ತಿಗೆ ನನ್ನ ಹಳೆಯ ಗಾತ್ರಕ್ಕೆ ಬಂದಿತ್ತು.

ಆಗ ನಗು ನಿಂತಿತು. ನಿಶ್ಚಯದ ದಿನ ಕೇಳಿದರೆ ಬೀಗರ ಕಡೆಯಿಂದ "ನೋಡೋಣ್ರಿ, ಅವಸರ ಏನೈತಿ" ಎಂಬ ಉತ್ತರ ಬರತೊಡಗಿತು. ನಮ್ಮ ಕಡೆ ಅವಸರ ಏನಿದೆ ಎಂದರೆ ಸಂಬಂಧ ಮುರಿಯಲು ಮರ್ಯಾದೆಯ ದಾರಿ ಹುಡುಕುತ್ತಿದ್ದಾರೆ ಎಂದರ್ಥ. ಎರಡೂ ಮನೆಯ ನಡುವೆ ಓಡಾಡಿ ಮಾತುಕತೆ ನಡೆಸಿದವನು ಕಸ್ತೂರಿಯ ತಮ್ಮ, ದೇವರ ಹಿಪ್ಪರಗಿಯ ಸಿದ್ರಾಮ. ಅವನು ಬಂದು ಒಡೆದು ಹೇಳಿದ: "ಮಾಮಾ, ಹುಡುಗ ಗಟ್ಟಿ ಅದಾನ. ಅವರ ಆಯಿ, ಗುರಬಸವ್ವ, ಮನಿಯಾಗ ಆಕೀದ ನಡಿಯೂದು. ಹೆಣ್ಣಿನ ಅಪ್ಪಗ ಅಂಥಾ ಬ್ಯಾನಿ ಇದ್ರ ಮುಂದ ಮಕ್ಕಳಿಗೂ ಬರ್ತೈತಿ ಅಂತಾಳ. ಐತವಾರ ಎಲ್ಲಾರೂ ಊಟಕ್ಕ ಬರಾಕತ್ತಾರ. ಊಟಕ್ಕ ಅಲ್ಲ, ನಿಮ್ಮನ್ನ ನೋಡಾಕ. ಉಣ್ಣಾಂವ ಸಾಯೂದಿಲ್ಲ ಅಂತ ಆಕಿ ಲೆಕ್ಕ. ನೀವು ಆಕೀ ಮುಂದ ಹೊಟ್ಟಿ ತುಂಬ ಉಂಡ್ರ ಮುಗೀತು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಯುಷ್ಯದಲ್ಲಿ ಒಂದೇ ಒಂದು ವಿದ್ಯೆ ನನಗೆ ಸಿದ್ಧಿಸಿತ್ತು, ಪಂಕ್ತಿಯಲ್ಲಿ ಕುಳಿತು ಉಣ್ಣುವುದು. ಆ ವಿದ್ಯೆಯಿಂದ ಮಗಳ ಬಾಳು ಉಳಿಸಬೇಕಾದ ದಿನ ಬಂದಾಗ ಅದನ್ನು ಸೊಲ್ಲಾಪುರದಲ್ಲಿ ಬಿಟ್ಟುಬಂದಿದ್ದೆ.

"ಅಪ್ಪಾ, ಖರೇ ಹೇಳಿಬಿಡು" ಎಂದಳು ದಾನೇಶ್ವರಿ. ಕಣ್ಣು ಕೆಂಪಾಗಿದ್ದವು. "ಖರೇ ಹೇಳಿದ್ರ ಏನಾಗ್ತೈತಿ? ನಕ್ಕಾರು, ಅಷ್ಟ ಹೌದಲ್ಲ?" ನಗುವುದೆಂದರೆ ಅಷ್ಟೇ ಎಂದುಕೊಳ್ಳುವುದು ಗಣಿತದವರ ದೋಷ. ನಾನು ಒಪ್ಪಲಿಲ್ಲ. ಕಸ್ತೂರಿಯೂ ನಾನೂ ಸೇರಿ ಒಂದು ನಾಟಕ ಹೂಡಿದೆವು. ನನ್ನ ತಾಟಿಗೆ ದೊಡ್ಡ ಹೋಳಿಗೆಯನ್ನೇ ಹಾಕುವುದು. ನಾನು ಅದನ್ನು ಮುರಿದು, ಹಾಲು ತುಪ್ಪದಲ್ಲಿ ಕಲಸಿ, ತುತ್ತು ಕಟ್ಟಿ, ಬಾಯಿಯ ತನಕ ಒಯ್ದು, ಯಾವುದಾದರೂ ವಿಷಯ ನೆನಪಾದವನಂತೆ ಕೆಳಗಿಟ್ಟು ಮಾತಾಡುವುದು. ಅಷ್ಟರಲ್ಲಿ ಕಸ್ತೂರಿ ಬಂದು ಅನ್ನ, ಕಟ್ಟಿನ ಸಾರು ಸುರಿದು ಎಲ್ಲವನ್ನೂ ಮುಚ್ಚಿಬಿಡುವುದು. ಸಭೆಗಳಲ್ಲಿ ಮಾತಾಡಿ ಮಾತಾಡಿ ವಿಷಯ ಮುಚ್ಚಿಹಾಕಿದ ಅನುಭವ ನನಗೆ ಸಾಕಷ್ಟಿತ್ತು.

ಆ ಭಾನುವಾರ ಬೀಗರು ಬಂದರು. ಹುಡುಗನ ತಂದೆ ಶಿವಪ್ಪ, ಮುದ್ದೇಬಿಹಾಳದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವರು, ಬಾಗಿಲಲ್ಲಿ ಸ್ವಲ್ಪ ಓರೆಯಾಗಿ ಒಳಗೆ ಬಂದರು. ನನಗೆ ನನ್ನ ಹಳೆಯ ಫೋಟೊ ಎದ್ದು ಬಂದಂತಾಯಿತು. ಅವರ ಹಿಂದೆ ಮಲ್ಲಿಕಾರ್ಜುನ, ಸಿದ್ರಾಮ, ಕೊನೆಗೆ ಹುಡುಗನ ಅಜ್ಜಿ ಗುರಬಸವ್ವ. ಒಣಗಿದ ತೊಗರಿ ಕಡ್ಡಿಯಂಥ ಮೈ, ಆದರೆ ಕಣ್ಣು ಮಾತ್ರ ಸಂತೆಯಲ್ಲಿ ಎತ್ತು ಕೊಳ್ಳುವವರ ಕಣ್ಣು. ಊಟಕ್ಕೆ ಕುಳಿತಾಗ ಅಜ್ಜಿ ಸರಿಯಾಗಿ ನನ್ನೆದುರು ಜಾಗ ಹಿಡಿದಳು.

ನಾಟಕ ಚೆನ್ನಾಗಿಯೇ ಶುರುವಾಯಿತು. ನಾನು ಹೋಳಿಗೆ ಮುರಿದೆ, ಕಲಸಿದೆ, ತುತ್ತು ಎತ್ತಿದೆ, ಈ ವರ್ಷದ ತೊಗರಿಯ ವಿಷಯ ತೆಗೆದೆ. ಶಿವಪ್ಪನವರು ಬಾಯಿ ತುಂಬಿದ್ದರಿಂದ ತಲೆ ಮಾತ್ರ ಆಡಿಸಿದರು. ಕಸ್ತೂರಿ ಸಾರು ತಂದಳು. ಎರಡನೆಯ ತುತ್ತಿಗೆ ಮಳೆಯ ವಿಷಯ ಬಂತು. ಮೂರನೆಯದಕ್ಕೆ ವಿಷಯ ಹುಡುಕುವಷ್ಟರಲ್ಲಿ ಅಜ್ಜಿ ತನ್ನ ತಾಟು ಬಿಟ್ಟು ಎದ್ದು ಬಂದಳು.

"ಬೀಗರ ಮಾತು ಬಾಳ ಚೊಲೊ ಅದಾವು, ಊಟ ಕಾಣವಲ್ದು" ಎಂದಳು. ಒಂದು ಇಡೀ ಹೋಳಿಗೆ ಮಡಚಿ, ತುಪ್ಪದ ಬಟ್ಟಲಲ್ಲಿ ಮುಳುಗಿಸಿ ನನ್ನ ಬಾಯಿಯ ಮುಂದೆ ಹಿಡಿದಳು. "ನನ್ನ ಕೈತುತ್ತು. ಒಲ್ಲೆ ಅನಬ್ಯಾಡ್ರಿ, ನನ್ನ ಆಣಿ ಐತಿ."

ನೀವು ನಮ್ಮ ಕಡೆಯವರಲ್ಲದಿದ್ದರೆ ಇದರ ಅರ್ಥ ಪೂರ್ತಿ ತಿಳಿಯಲಾರದು. ಹಿರಿಯಳಾದ ಬೀಗಿತ್ತಿ ಆಣೆ ಹಾಕಿ ಹಿಡಿದ ತುತ್ತಿಗೆ ಬಾಯಿ ತೆರೆಯದಿದ್ದರೆ ಅದು ಬೀಗತನಕ್ಕೇ ಬಾಯಿ ಮುಚ್ಚಿದ ಹಾಗೆ. ಅಡುಗೆಮನೆಯ ಬಾಗಿಲಲ್ಲಿ ನಿಂತ ಮಗಳ ಮುಖ ನೋಡಿದೆ. ಬಾಯಿ ತೆರೆದೆ.

ಹೂರ್ಣ ಗಂಟಲಿಳಿಯುವಾಗ ಹಳೆಯ ಪ್ರೀತಿಯೆಲ್ಲ ನೆನಪಾಗಿ ಒಂದು ಕ್ಷಣ ಸುಖವಾಯಿತು. ಮರುಕ್ಷಣ ಹೊಟ್ಟೆಯ ಬಾಗಿಲಲ್ಲಿ ಗಲಾಟೆ ಎದ್ದಿತು. ಒಳಗೆ ಜಾಗವಿಲ್ಲ, ಹಿಂದೆ ಹೋಗಲು ಆಣೆ ಬಿಡುವುದಿಲ್ಲ. ಹಣೆ ಬೆವತಿತು. ಶಿವಪ್ಪನವರು ಇಬ್ಬರಾಗಿ ಕಂಡರು, ಅವರು ಇಬ್ಬರಾದರೆ ಹಾಲ್ ಸಾಲುವುದಿಲ್ಲ. ಎದ್ದು ಬಚ್ಚಲಿಗೆ ಓಡಿದೆ. ಅಲ್ಲಿ ಏನಾಯಿತು ಎಂಬುದು ಮನೆಯವರಿಗೆಲ್ಲ ಸ್ಪಷ್ಟವಾಗಿ ಕೇಳಿಸಿತು.

ಮುಖ ತೊಳೆದು ಹೊರಬಂದಾಗ ಎಲ್ಲರೂ ಕೈ ನಿಲ್ಲಿಸಿ ಕುಳಿತಿದ್ದರು. ಗುರಬಸವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಮುಚ್ಚಿಡಬ್ಯಾಡ್ರಿ. ನನ್ನ ಅಣ್ಣನೂ ಹಿಂಗ ಉಂಡದ್ದೆಲ್ಲಾ ಕಕ್ಕತಿದ್ದ. ಶ್ರಾವಣ ಕಾಣಲಿಲ್ಲ" ಎಂದಳು. ನಿಜವಾದ ದುಃಖ ಅದು. ನನಗಾಗಿ ಅಳುತ್ತಿದ್ದಳು, ಸಂಬಂಧವನ್ನೂ ಆ ಕಣ್ಣೀರಿನಲ್ಲೇ ಬಿಡುತ್ತಿದ್ದಳು. ಹುಡುಗ ಮಲ್ಲಿಕಾರ್ಜುನ ತಲೆ ತಗ್ಗಿಸಿದ. ನನ್ನ ಮಾನ ಉಳಿಸಲು ಹೋಗಿ ಮಗಳ ಮದುವೆ ಕಳೆಯುತ್ತಿದ್ದೇನೆ ಎಂದು ಆಗ ತಿಳಿಯಿತು.

ದಾನೇಶ್ವರಿ ಬಂದು ನನ್ನ ಪಕ್ಕ ನಿಂತಳು. "ಆಯಿ, ನಮ್ಮ ಅಪ್ಪಗ ಯಾವ ಬ್ಯಾನೀನೂ ಇಲ್ಲ. ತಿನ್ನೂದು ಬಾಳ ಆಗಿತ್ತು. ಉಸರು ನಿಲ್ಲಾಕತ್ತಿತ್ತು. ನನ್ನ ಮದುವಿ ತನಕ ಬದುಕಬೇಕಂತ ಸೊಲ್ಲಾಪುರಕ್ಕ ಹೋಗಿ ಹೊಟ್ಟಿ ಕೊಯ್ಸಿ ಸಣ್ಣದು ಮಾಡಿಸ್ಕೊಂಡು ಬಂದಾನ. ನಾಚಿಕಿಗಿ ಯಾರಿಗೂ ಹೇಳಿಲ್ಲ. ಈಗ ನಕ್ಕೊಳ್ರಿ."

ಯಾರೂ ನಗಲಿಲ್ಲ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಕೇಳಿದಳು: "ಮತ್ತ ಕೊಯ್ದದ್ದು ಎಲ್ಲೈತಿ?"

"ಸೊಲ್ಲಾಪುರದಾಗ ಬಿಟ್ಟು ಬಂದೇವ್ರಿ" ಎಂದಳು ಕಸ್ತೂರಿ.

"ಅಯ್ಯ ನಮ್ಮವ್ವ! ಅಷ್ಟು ವರ್ಷ ಹೋಳಿಗಿ ಹಾಕಿ ಬೆಳಸಿದ್ದು, ಅಲ್ಲೇ ಬಿಟ್ಟ ಬಂದ್ರಿ?"

ಮೊದಲು ನಕ್ಕವನು ಹುಡುಗ. ಆಮೇಲೆ ಸಿದ್ರಾಮ. ಆಮೇಲೆ ಅಜ್ಜಿಯೇ ನಕ್ಕು, ನಕ್ಕು ಕೆಮ್ಮಿ, ನೀರು ಕುಡಿದು ಮತ್ತೆ ನಕ್ಕಳು. ನಾನು ಹೆದರಿಕೊಂಡಿದ್ದ ನಗು ಇದೇ ಆಗಿತ್ತು. ಎದುರಿಗೆ ಬಂದು ನಿಂತಾಗ ನೋಡಿದರೆ ಅದು ಮಗಳು ಹೇಳಿದಷ್ಟೇ ಇತ್ತು. ಕೈ ತೊಳೆಯಲು ಹಿತ್ತಲಿಗೆ ಬಂದ ಶಿವಪ್ಪನವರು ಆಚೆ ಈಚೆ ನೋಡಿ ನನ್ನ ಕಿವಿಯ ಹತ್ತಿರ ಬಾಗಿದರು. "ಬೀಗರ, ಆ ಡಾಕ್ಟರಗ ಕನ್ನಡ ತಿಳೀತೈತೇನ್ರಿ?"

ಮದುವೆಯಾಯಿತು. ನಾನು ಅಕ್ಕಿಕಾಳು ಹಾಕಿದೆ. ಪಂಕ್ತಿಯಲ್ಲಿ ಒಂದು ಬಟ್ಟಲು ಕಟ್ಟಿನ ಸಾರು ಮುಂದಿಟ್ಟುಕೊಂಡು ಕುಳಿತೆ, ಹೋಗಿಬರುವವರಿಗೆಲ್ಲ ಹೊಟ್ಟೆಯ ಕಥೆ ನಾನೇ ಹೇಳಿದೆ. ಎಲ್ಲ ಮುಗಿದು ಹೆಣ್ಣು ಒಪ್ಪಿಸಿಕೊಡುವ ಹೊತ್ತು ಬಂತು. ಊರವರ ಎಷ್ಟೋ ಮದುವೆಗಳಲ್ಲಿ ತೂಕದ ಮನುಷ್ಯನಾಗಿ ಪಕ್ಕದಲ್ಲಿ ನಿಂತು, ಅಳುವ ಅಪ್ಪಂದಿರಿಗೆ ಹೇಳಬೇಕಾದ ಮಾತು ಹೇಳಿಕೊಟ್ಟವನು ನಾನು. ನನ್ನ ಸರದಿಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ಮಗಳ ಕೈಯನ್ನು ಗುರಬಸವ್ವನ ಕೈಯಲ್ಲಿಟ್ಟೆ.

"ನಿಮ್ಮ ಉಡಿಯಾಗ ಹಾಕೇವ್ರಿ" ಎಂದೆ. ಮುಂದಿನದು ಬರಲಿಲ್ಲ. ಕಸ್ತೂರಿ ಬೆನ್ನು ಮುಟ್ಟಿದ ಮೇಲೆ ಹೇಳಿದೆ: "ಒಬ್ಬಾಕಿನ ಬೆಳದಾಕಿ. ಏನರ ತಪ್ಪ ಮಾಡಿದ್ರ... ಹೊಟ್ಟಿಗಿ ಹಾಕ್ಕೊಳ್ರಿ."

ಮುದುಕಿ ನನ್ನ ಮಗಳನ್ನು ಪಕ್ಕಕ್ಕೆ ಎಳೆದುಕೊಂಡಳು.

"ಚಿಂತಿ ಮಾಡಬ್ಯಾಡ್ರಿ ಬೀಗರ" ಎಂದಳು. "ನಮ್ಮ ಹೊಟ್ಟಿ ಯಾರೂ ಕೊಯ್ದಿಲ್ಲ. ಎಷ್ಟ ಹಾಕಿದ್ರೂ ಹಿಡೀತೈತಿ."

ಮಂಟಪವೆಲ್ಲ ನಕ್ಕಿತು. ದಾನೇಶ್ವರಿ ಅಳುತ್ತಳುತ್ತಲೇ ನಕ್ಕಳು. ನಾನೂ ಹೊಟ್ಟೆ ತುಂಬ ನಕ್ಕೆ. ಈಗಿನ ನನ್ನ ಹೊಟ್ಟೆಗೆ ಅದು ಬಹಳವಾಯಿತು. ಹೆಚ್ಚಾದದ್ದು ಕಣ್ಣಿನಿಂದ ಬಂತು.